ಹಳೆಯ ಸ್ಪೋರ್ಟ್ಸ್ ಕಾರಿನ ಹಿಂದಿನ ಸೀಟು

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಸಿರಿವಂತರ ಅಂಗಳದಲ್ಲಿ ಮಾತ್ರ ಕಾಣುತ್ತಿದ್ದ ಸ್ಪೋರ್ಟ್ಸ್ ಕಾರೊಂದು ಈಗ ಸಾಧಾರಣ ಹೊಸ ಕಾರಿನ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಮಾರಾಟಕ್ಕೆ ಬಂದಿರುವುದನ್ನು ಕಂಡಾಗ ಎಂಥವರ ಮನಸ್ಸೂ ಒಂದು ಗಳಿಗೆ ಲೆಕ್ಕಕ್ಕೆ ಕೂರುತ್ತದೆ. ಮನೆಗೆ ಹೇಗೂ ಒಂದು ಕಾರು ಬೇಕು, ಮಕ್ಕಳು ಇನ್ನೂ ಚಿಕ್ಕವರು, ಹಿಂದೆ ಸೀಟೂ ಇದೆ, ಹಾಗಿದ್ದ ಮೇಲೆ ಇದೇ ಏಕಾಗಬಾರದು ಎಂಬ ವಾದ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ವಾದದಲ್ಲಿ ತಪ್ಪೇನೂ ಇಲ್ಲ, ಲೆಕ್ಕದಲ್ಲಿ ಮಾತ್ರ ಒಂದು ಅಂಕಿ ಬಿಟ್ಟುಹೋಗಿರುತ್ತದೆ. ಕಾರಿನ ಮಾರಾಟದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದರ ಬ್ರೇಕ್ ಡಿಸ್ಕು, ಕ್ಲಚ್ಚು, ಶಾಕ್ ಅಬ್ಸಾರ್ಬರು, ಗೇರ್ ಪೆಟ್ಟಿಗೆಗಳ ಬೆಲೆ ಹೊಸದರಲ್ಲಿ ಇದ್ದ ಅಂತಸ್ತಿನಲ್ಲೇ ಉಳಿಯುತ್ತದೆ, ತಯಾರಿಕೆ ನಿಂತ ಭಾಗಗಳದ್ದಾದರೆ ಏರುತ್ತಲೇ ಹೋಗುತ್ತದೆ. ಹೊಸದಾಗಿದ್ದಾಗ ಕಾರಿನ ಬೆಲೆಯ ನೂರನೇ ಒಂದು ಭಾಗವಾಗಿದ್ದ ಒಂದು ರಿಪೇರಿ, ಕಾರಿನ ಬೆಲೆ ಹತ್ತನೇ ಒಂದಕ್ಕೆ ಕುಸಿದಾಗ, ಅದೇ ಮೊತ್ತದಲ್ಲಿ ಹತ್ತನೇ ಒಂದು ಭಾಗವಾಗಿ ನಿಲ್ಲುತ್ತದೆ. ಇಂಥ ಕಾರು ಅಗ್ಗವಾಗಿ ಸಿಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹಿಂದಿನ ಮಾಲೀಕ ಮುಂದಿನ ಬಿಲ್ಲನ್ನು ಕಟ್ಟುವ ಬದಲು ಕಾರನ್ನೇ ದಾಟಿಸಲು ತೀರ್ಮಾನಿಸಿರುತ್ತಾನೆ.

ಹಾಗೆಂದು ಇದು ಆಗದ ಹೋಗದ ಯೋಚನೆಯೇನಲ್ಲ. ಎಚ್ಚರದಿಂದ ಆರಿಸಿದರೆ ಹಳೆಯ ಸ್ಪೋರ್ಟ್ಸ್ ಕಾರು ಸಂಸಾರದ ಕೆಲಸವನ್ನೂ ಮಾಡಿಕೊಡಬಲ್ಲದು. ಆದರೆ ಆರಿಸುವ ಕ್ರಮ ತಿರುಗುಮುರುಗಾಗಬೇಕು: ಸಾಮಾನ್ಯವಾಗಿ ಇಂಥ ಕಾರನ್ನು ಎಂಜಿನ್ನಿನಿಂದ ಆರಂಭಿಸಿ ನೋಡುತ್ತಾರೆ, ಸಂಸಾರಕ್ಕೆ ಕೊಳ್ಳುವವರು ಹಿಂದಿನ ಸೀಟಿನಿಂದ ಆರಂಭಿಸಿ ಎಂಜಿನ್ನಿಗೆ ಬರಬೇಕು.

ಹಿಂದಿನ ಸೀಟಿನ ದೃಷ್ಟಿಯಿಂದ ನೋಡಿದರೆ ಈ ಜಾತಿಯ ಕಾರುಗಳಲ್ಲಿ ಮೂರು ಕುಲಗಳಿವೆ. ಮೊದಲನೆಯದು ಅಪ್ಪಟ ಎರಡು ಸೀಟಿನವು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5, ಹೋಂಡಾ ಎಸ್2000, ಪೋರ್ಶೆ ಬಾಕ್ಸ್‌ಸ್ಟರ್ ಈ ಸಾಲಿನವು, ಇವನ್ನು ಇಲ್ಲಿಯೇ ಬಿಟ್ಟು ಮುಂದೆ ಹೋಗಬಹುದು. ಎರಡನೆಯದು ಎರಡು ಬಾಗಿಲಿನ, 'ಟೂ ಪ್ಲಸ್ ಟೂ' ಎಂದು ಕರೆಯಿಸಿಕೊಳ್ಳುವ ಕಾರುಗಳು. 1960ರ ದಶಕದಿಂದ ಇಂದಿನವರೆಗೂ ತಯಾರಾಗುತ್ತಿರುವ ಪೋರ್ಶೆ 911, 1966ರಲ್ಲಿ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಂಡು ಬಂದ ಜಾಗ್ವಾರ್ ಇ-ಟೈಪಿನ ನಾಲ್ಕು ಸೀಟಿನ ಆವೃತ್ತಿ, ಎಂಜಿನ್ನನ್ನು ಸೀಟುಗಳ ಹಿಂದೆ ಇಟ್ಟುಕೊಂಡೂ ನಾಲ್ವರಿಗೆ ಜಾಗ ಮಾಡಿದ ಫೆರಾರಿ ಮಾಂಡಿಯಾಲ್, ನಿಸಾನ್ ಮತ್ತು ಟೊಯೋಟಾಗಳ ದೊಡ್ಡ ಕೂಪೆಗಳು ಇಲ್ಲಿ ಬರುತ್ತವೆ. ಈ ಹೆಸರಿನಲ್ಲಿರುವ ಎರಡನೆಯ 'ಟೂ', ಅಂದರೆ ಹಿಂದಿನ ಎರಡು ಸೀಟು, ಬಹಳ ಉದಾರವಾದ ಮಾತು. ಅಲ್ಲಿ ವಯಸ್ಕರು ಕೂರುವುದು ಒಂದು ಬಗೆಯ ಶಿಕ್ಷೆ. ಮಕ್ಕಳು ಕೂರಬಹುದು, ಅದೂ ಒಂದು ಎತ್ತರದವರೆಗೆ. ಆರು ವರ್ಷದ ಮಗುವಿಗೆ ಸರಿಹೊಂದಿದ ಸೀಟು ಹನ್ನೊಂದನೇ ವಯಸ್ಸಿಗೆ ತಲೆ ಹಿಂದಿನ ಗಾಜಿಗೆ ತಾಗುವಂತಾಗುತ್ತದೆ. ಅಂದರೆ ಈ ಬಗೆಯ ಕಾರನ್ನು ಕೊಂಡಾಗ ಕಾರಿಗಲ್ಲದಿದ್ದರೂ ನಿಮ್ಮ ಉದ್ದೇಶಕ್ಕೆ ಒಂದು ಅವಧಿ ನಿಗದಿಯಾಗಿರುತ್ತದೆ.

ಮೂರನೆಯ ಕುಲವೇ ನಿಜಕ್ಕೂ ಸಂಸಾರವಂತರದ್ದು: ನಾಲ್ಕು ಬಾಗಿಲಿನ ಮೈಯೊಳಗೆ ಸ್ಪೋರ್ಟ್ಸ್ ಕಾರಿನ ಎಂಜಿನ್ನು, ಬ್ರೇಕು, ಸಸ್ಪೆನ್ಶನ್ ಇಟ್ಟುಕೊಂಡವು. 1990ರ ದಶಕದ ಆರಂಭದಲ್ಲಿ ಪೋರ್ಶೆಯ ಕಾರ್ಖಾನೆಯ ನೆರವಿನೊಂದಿಗೆ ತಯಾರಾದ ಮರ್ಸಿಡಿಸ್ 500ಇ, ಅದೇ ಪೋರ್ಶೆಯ ಜೊತೆಗೂಡಿ ಆಡಿ ಕಂಪನಿ 1994ರಲ್ಲಿ ತಂದ ಐದು ಸಿಲಿಂಡರಿನ ಆರ್‌ಎಸ್2 ಎಂಬ, ಹಿಂದೆ ಸಾಮಾನಿಗೆ ಉದ್ದನೆಯ ಜಾಗವಿರುವ ಎಸ್ಟೇಟ್ ಕಾರು, 1998ರಿಂದ 2003ರವರೆಗೆ ಬಂದ ಬಿಎಂಡಬ್ಲ್ಯು ಎಂ5, ರ್‍ಯಾಲಿಗಳಿಂದ ಹೆಸರಾದ ಸುಬಾರು ಇಂಪ್ರೆಝಾ ಮತ್ತು ಮಿತ್ಸುಬಿಷಿ ಲ್ಯಾನ್ಸರ್ ಇವಲ್ಯೂಶನ್ ಇವೆಲ್ಲ ಈ ಸಾಲಿನವು. ಇಲ್ಲೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮೇಲೆ ಹೇಳಿದ 500ಇ ಹೊರಗಿನಿಂದ ಐದು ಜನರ ಸೆಡಾನಿನಂತೆ ಕಂಡರೂ ಹಿಂದೆ ಇರುವುದು ಇಬ್ಬರ ಜಾಗ ಮಾತ್ರ. ಮೂರು ಮಕ್ಕಳಿರುವವರು ಜಾಹೀರಾತಿನ ಫೋಟೋ ನೋಡಿ ಹೊರಟರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಈ ಎರಡು ಕುಲಗಳ ನಡುವೆ ನಿಂತಿರುವ ಒಂದು ವಿಚಿತ್ರ ಕಾರೂ ಇದೆ. 2003ರಿಂದ 2012ರವರೆಗೆ ತಯಾರಾದ ಮಾಜ್ದಾ ಆರ್‌ಎಕ್ಸ್-8 ಹೊರನೋಟಕ್ಕೆ ಕೂಪೆ. ಅದರ ಹಿಂದಿನ ಪುಟ್ಟ ಬಾಗಿಲುಗಳು ಬೀರುವಿನ ಎರಡನೇ ಕದದಂತೆ ಹಿಂದಕ್ಕೆ ತೆರೆದುಕೊಳ್ಳುತ್ತವೆ, ನಡುವೆ ಕಂಬವಿಲ್ಲ, ವಯಸ್ಕರೂ ಸಹನೀಯವಾಗಿ ಕೂರಬಹುದು. ಆದರೆ ಮುಂದಿನ ಬಾಗಿಲು ತೆರೆಯದೆ ಹಿಂದಿನದು ತೆರೆಯದು. ಅದರ ಎಂಜಿನ್ನಿನ ಕತೆ ಬೇರೆಯೇ ಇದೆ, ಮುಂದೆ ಬರುತ್ತದೆ.

ಮಕ್ಕಳ ಸೀಟಿನ ವಿಚಾರಕ್ಕೆ ಬಂದರೆ, ಇದು ಮಾರಾಟಗಾರನಿಗೂ ತಿಳಿದಿರದ, ಕೊಳ್ಳುವವನೂ ಕೇಳದ ಭಾಗ. ಹಳೆಯ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಹಿಂದಿನ ಬೆಲ್ಟು ಸೊಂಟಕ್ಕೆ ಮಾತ್ರವೋ ಅಥವಾ ಹೆಗಲಿನ ಮೇಲಿನಿಂದಲೂ ಬರುತ್ತದೆಯೋ ಎಂಬುದನ್ನು. ಸೊಂಟದ ಬೆಲ್ಟು ಮಾತ್ರ ಇದ್ದರೆ ಇಂದಿನ ಬಹುಪಾಲು ಮಕ್ಕಳ ಸೀಟುಗಳು, ಅದರಲ್ಲೂ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟುಗಳು, ಕೂರುವುದೇ ಇಲ್ಲ. ಎರಡನೆಯದು ಐಸೋಫಿಕ್ಸ್ ಕೊಂಡಿಗಳು, ಅಂದರೆ ಸೀಟಿನ ಬೆನ್ನು ಮತ್ತು ತಳ ಸೇರುವ ಸಂದಿಯಲ್ಲಿ ಕಾರಿನ ಚಾಸಿಗೇ ಬೆಸೆದ ಉಕ್ಕಿನ ಕಂಬಿಗಳು. ಅಮೆರಿಕದಲ್ಲಿ ಇಂಥ ಕೊಂಡಿಗಳು 2002ರ ಸೆಪ್ಟೆಂಬರಿನಿಂದ ತಯಾರಾದ ಹೊಸ ಕಾರುಗಳಿಗೆ ಕಡ್ಡಾಯವಾದವು. ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಸಂದಿಯೊಳಗೆ ಬೆರಳು ಹಾಕಿ ತಡಕಿ ನೋಡುವುದಕ್ಕಿಂತ ಖಚಿತವಾದ ವಿಧಾನವಿಲ್ಲ. ಕೊಂಡಿ ಇಲ್ಲವೆಂದ ಮಾತ್ರಕ್ಕೆ ಕಾರು ಅಪಾತ್ರವಾಗುವುದಿಲ್ಲ, ಮೂರು ಬಿಂದುಗಳ ಬೆಲ್ಟಿನಿಂದ ಬಿಗಿಯುವ ಒಳ್ಳೆಯ ಸೀಟುಗಳಿವೆ. ಆದರೆ ಬಿಗಿಯುವುದರಲ್ಲಿ ತಪ್ಪಾಗುವ ಸಾಧ್ಯತೆ ಹೆಚ್ಚು.

ಹಸುಗೂಸಿನ ಸೀಟು ಹಿಮ್ಮುಖವಾಗಿ ಕೂರುವಂಥದ್ದು. ಯುರೋಪಿನಲ್ಲಿ 2013ರಿಂದ ಜಾರಿಗೆ ಬಂದ ಐ-ಸೈಜ್ ನಿಯಮದ ಪ್ರಕಾರ ಮಗು ಕನಿಷ್ಠ 15 ತಿಂಗಳವರೆಗೆ ಹಿಮ್ಮುಖವಾಗಿಯೇ ಪ್ರಯಾಣಿಸಬೇಕು, ಏಕೆಂದರೆ ಆ ವಯಸ್ಸಿನಲ್ಲಿ ತಲೆ ದೇಹದ ಅಳತೆಗೆ ಬಹಳ ಭಾರ, ಕತ್ತು ಬಹಳ ಎಳಸು. ಮುಂದಿನಿಂದ ಡಿಕ್ಕಿಯಾದಾಗ ಹಿಮ್ಮುಖದ ಸೀಟು ತಲೆ, ಕತ್ತು, ಬೆನ್ನುಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಇಂಥ ಸೀಟಿಗೆ ಉದ್ದುದ್ದ ಜಾಗ ಬೇಕು. ಕೂಪೆಯಲ್ಲಿ ಅದನ್ನು ಕೂರಿಸಿದರೆ ಅದರ ಮುಂದಿರುವ ಸೀಟನ್ನು ಡ್ಯಾಶ್‌ಬೋರ್ಡಿನವರೆಗೆ ತಳ್ಳಬೇಕಾಗುತ್ತದೆ, ಅಲ್ಲಿಗೆ ನಾಲ್ಕು ಸೀಟಿನ ಕಾರು ಮೂರು ಸೀಟಿನದಾಗುತ್ತದೆ. ಹಿಂದೆ ಹಿಡಿಸಲಿಲ್ಲವೆಂದು ಮುಂದೆ ಕೂರಿಸುವ ಯೋಚನೆ ಬಂದರೆ, ಚಾಲೂ ಇರುವ ಏರ್‌ಬ್ಯಾಗಿನ ಎದುರು ಹಿಮ್ಮುಖದ ಸೀಟನ್ನು ಎಂದಿಗೂ ಇಡಬಾರದು; ಉಬ್ಬುವ ಚೀಲ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂಭಾಗಕ್ಕೇ ನೇರವಾಗಿ ಅಪ್ಪಳಿಸುತ್ತದೆ. ಏರ್‌ಬ್ಯಾಗನ್ನು ಬಂದ್ ಮಾಡುವ ಕೀಲಿ ಕೆಲವು ಕಾರುಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ, ಇದ್ದದ್ದು ಇನ್ನೂ ಕೆಲಸ ಮಾಡುತ್ತದೆಯೇ ಎಂಬುದನ್ನು ಡ್ಯಾಶ್‌ಬೋರ್ಡಿನ ದೀಪವೇ ಹೇಳಬೇಕು. ಹಾಗೆಯೇ, ಎರಡು ಬಾಗಿಲಿನ ಕಾರಿನ ಬಾಗಿಲು ಬಹಳ ಉದ್ದ. ಪಕ್ಕದಲ್ಲಿ ಇನ್ನೊಂದು ಕಾರು ನಿಂತಿರುವಾಗ ಅದು ಪೂರ್ತಿ ತೆರೆಯುವುದಿಲ್ಲ, ಆ ಕಿರಿದಾದ ಸಂದಿಯಲ್ಲಿ ನಿದ್ದೆಗಣ್ಣಿನ ಮಗುವನ್ನೆತ್ತಿ ಸೊಂಟ ಬಗ್ಗಿಸಿ ಹಿಂದಕ್ಕೆ ಇಳಿಸುವುದು ವಾರಕ್ಕೊಮ್ಮೆ ತಮಾಷೆ, ದಿನಕ್ಕೆ ನಾಲ್ಕು ಬಾರಿ ಬೆನ್ನುನೋವು. ಆದ್ದರಿಂದ ಕಾರು ನೋಡಲು ಹೋಗುವಾಗ ನೀವು ಬಳಸುವ ಮಕ್ಕಳ ಸೀಟನ್ನೇ ಹೊತ್ತುಕೊಂಡು ಹೋಗಬೇಕು. ಮಾರುವವರು ನಕ್ಕರೆ ನಗಲಿ.

ಸುರಕ್ಷತೆಯ ಮಟ್ಟಿಗೆ ಕಾರಿನ ಹುಟ್ಟಿದ ವರ್ಷಕ್ಕೆ ಬಹಳ ಬೆಲೆಯಿದೆ. ಕಾರು ಜಾರತೊಡಗಿದಾಗ ಒಂದೊಂದು ಗಾಲಿಯ ಬ್ರೇಕನ್ನು ಬೇರೆಬೇರೆಯಾಗಿ ಹಿಡಿದು ದಾರಿಗೆ ತರುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರುಗಳ ಮೂಲಕ ಬಂತು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ನಡುವಿನ ಎರಡು ದಶಕಗಳ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಇರಲೂಬಹುದು, ಇಲ್ಲದಿರಲೂಬಹುದು. 'ಚಾಲಕನ ಕಾರು' ಎಂಬ ಹೆಮ್ಮೆಗಾಗಿಯೇ ಬಿಟ್ಟಿರುವ ಉದಾಹರಣೆಗಳೂ ಇವೆ. ಹಿಂದಿನ ಗಾಲಿಗಳಿಗೆ ಶಕ್ತಿ ಹೋಗುವ, ಹಿಂಭಾಗದಲ್ಲೇ ಎಂಜಿನ್ನಿನ ಭಾರ ಹೊತ್ತ ಹಳೆಯ 911 ತಿರುವಿನ ಮಧ್ಯೆ ಚಾಲಕ ಬೆದರಿ ಆಕ್ಸಿಲರೇಟರ್ ಬಿಟ್ಟುಬಿಟ್ಟರೆ ಬಾಲ ಬೀಸುವುದಕ್ಕೆ ಹೆಸರುವಾಸಿ: ವೇಗ ತಗ್ಗಿದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ, ಹಿಂದಿರುವ ಎಂಜಿನ್ನು ಲೋಲಕದಂತೆ ಹೊರಕ್ಕೆ ತೂಗುತ್ತದೆ. ಒಬ್ಬನೇ ಓಡಿಸುವವನಿಗೆ ಇದು ಕಲಿಯಬೇಕಾದ ವಿದ್ಯೆ. ಮಳೆಯಲ್ಲಿ ಶಾಲೆಗೆ ತಡವಾದ ಬೆಳಗ್ಗೆ, ಹಿಂದೆ ಇಬ್ಬರು ಜಗಳವಾಡುತ್ತಿರುವಾಗ, ಆ ವಿದ್ಯೆಯ ಪರೀಕ್ಷೆ ಬೇಡ. ನನ್ನ ಮಟ್ಟಿಗೆ ಹೇಳುವುದಾದರೆ, ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿಗಳು ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಮತ್ತು ಸ್ಥಿರತಾ ನಿಯಂತ್ರಣ ಎರಡೂ ಇಲ್ಲದ ಕಾರನ್ನು ಭಾನುವಾರಕ್ಕೆ ಕೊಳ್ಳಬಹುದು, ಮಕ್ಕಳ ದಿನನಿತ್ಯಕ್ಕೆ ಬೇಡ.

ಏರ್‌ಬ್ಯಾಗಿನ ಇನ್ನೊಂದು ಪ್ರಕರಣವನ್ನು ಇಲ್ಲಿ ಹೇಳಲೇಬೇಕು. ಜಪಾನಿನ ತಕಾಟಾ ಕಂಪನಿ ತಯಾರಿಸಿದ ಏರ್‌ಬ್ಯಾಗುಗಳನ್ನು ಉಬ್ಬಿಸುವ ಡಬ್ಬಿಗಳಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಾನುಗಟ್ಟಲೆ ಬಿಸಿಲು ಮತ್ತು ತೇವಕ್ಕೆ ಸಿಕ್ಕಿ ಅದು ಕೆಟ್ಟು, ಅಪಘಾತವಾದಾಗ ಅಳತೆ ಮೀರಿ ಸಿಡಿದು ಲೋಹದ ಚೂರುಗಳನ್ನು ಮುಖಕ್ಕೆ ಎರಚಿದ ಘಟನೆಗಳಾದವು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಡಬ್ಬಿಗಳನ್ನು ವಾಪಸು ಕರೆಯಲಾಯಿತು, ವಾಹನಗಳ ಇತಿಹಾಸದಲ್ಲಿಯೇ ಇಷ್ಟು ದೊಡ್ಡ ಕರೆ ಇನ್ನೊಂದಿಲ್ಲ. ನಾವು ಮಾತಾಡುತ್ತಿರುವ ವಯಸ್ಸಿನ ಬಿಎಂಡಬ್ಲ್ಯು 3 ಸರಣಿ, ಮಾಜ್ದಾ ಆರ್‌ಎಕ್ಸ್-8, ಸುಬಾರು ಇಂಪ್ರೆಝಾಗಳೆಲ್ಲ ಆ ಪಟ್ಟಿಯಲ್ಲಿವೆ. ಕಾರಿನ 17 ಅಕ್ಷರಾಂಕಿಗಳ ಚಾಸಿ ಸಂಖ್ಯೆಯನ್ನು ತಯಾರಕರಿಗೆ ಕೊಟ್ಟು ಕೇಳಿದರೆ ಆ ನಿರ್ದಿಷ್ಟ ಕಾರಿಗೆ ಹೊಸ ಡಬ್ಬಿ ಹಾಕಲಾಗಿದೆಯೇ ಎಂಬುದು ತಿಳಿಯುತ್ತದೆ. ಅದು ಪುಕ್ಕಟೆ ಮಾಡಿಕೊಡುವ ಕೆಲಸ. ಆಗಿಲ್ಲದಿದ್ದರೆ ಆಗುವವರೆಗೆ ಮನೆಯವರನ್ನು ಕೂರಿಸಬಾರದು.

ಇನ್ನು ಹೊಗೆ. ಹಳೆಯ ಕಾರಿನ ಎಕ್ಸಾಸ್ಟ್ ಕೊಳವೆಯಲ್ಲಿ ಬಿರುಕಿದ್ದು, ಡಿಕ್ಕಿಯ ಮುಚ್ಚಳದ ರಬ್ಬರ್ ಒಣಗಿದ್ದರೆ ಹೊಗೆ ಒಳಗೆ ಸೇರಬಹುದು. 1998ಕ್ಕೆ ಮೊದಲಿನ ಗಾಳಿಯಿಂದ ತಂಪಾಗುವ 911ಗಳಲ್ಲಿ ಒಳಗಿನ ಬಿಸಿಗಾಳಿ ಬರುವುದೇ ಎಕ್ಸಾಸ್ಟ್ ಕೊಳವೆಗಳನ್ನು ಸುತ್ತುವರಿದ ಪೆಟ್ಟಿಗೆಗಳಿಂದ. ಅವು ತುಕ್ಕು ಹಿಡಿದು ತೂತಾದರೆ ಹೀಟರ್ ಹಾಕಿದಾಗ ಬಿಸಿಗಾಳಿಯ ಜೊತೆ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡೂ ಹಿಂದಿನ ಸೀಟಿಗೆ ತಲುಪುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಗಳದ್ದೂ ಇದೇ ಗುಣ: ಒಣಗಿ ಬಿರಿದರೆ ಸೋರುತ್ತವೆ, ಬಿಸಿ ಎಂಜಿನ್ನಿನ ಮೇಲೆ ಸೋರಿದರೆ ಬೆಂಕಿ. ಈ ಕೊಳವೆಗಳನ್ನು ಬದಲಿಸುವ ಖರ್ಚು ಹೆಚ್ಚಲ್ಲ, ಅದಕ್ಕೇ ಜನ ಮರೆಯುತ್ತಾರೆ.

ಇಲ್ಲಿಂದ ಕಾರಿನ ವಯಸ್ಸನ್ನು ಅಳೆಯುವ ವಿಚಾರ. ಕಾರಿಗೆ ಎರಡು ವಯಸ್ಸುಗಳಿರುತ್ತವೆ, ಓಡಿದ ಕಿಲೋಮೀಟರಿನದು ಒಂದು, ಕ್ಯಾಲೆಂಡರಿನದು ಇನ್ನೊಂದು. ಲೋಹ ಮೊದಲನೆಯದರಿಂದ ಸವೆಯುತ್ತದೆ. ರಬ್ಬರು, ದ್ರವ, ಪ್ಲಾಸ್ಟಿಕ್, ವೈರು ಇವೆಲ್ಲ ಎರಡನೆಯದರಿಂದ ಸಾಯುತ್ತವೆ. ಸ್ಪೋರ್ಟ್ಸ್ ಕಾರುಗಳು ಹೆಚ್ಚು ಕಾಲ ಮುಸುಕಿನೊಳಗೆ ನಿಂತಿರುವುದರಿಂದ ಈ ಎರಡರ ನಡುವಿನ ಅಂತರ ಇವುಗಳಲ್ಲಿ ದೊಡ್ಡದು. 'ಇಪ್ಪತ್ತು ವರ್ಷದಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಮಾತ್ರ' ಎಂಬ ಜಾಹೀರಾತು ಸಂಗ್ರಾಹಕನಿಗೆ ಸಿಹಿಸುದ್ದಿಯಾಗಿರಬಹುದು. ನಾಳೆಯಿಂದ ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸಬೇಕಾದವರಿಗೆ ಅದರರ್ಥ ಸಸ್ಪೆನ್ಶನ್ನಿನ ರಬ್ಬರ್ ಬುಶ್‌ಗಳು ಬಿರಿದಿವೆ, ಸೀಲುಗಳು ಗಟ್ಟಿಯಾಗಿವೆ, ಟ್ಯಾಂಕಿನ ಪೆಟ್ರೋಲು ಹಳಸಿದೆ, ಮೊದಲ ವರ್ಷದಲ್ಲಿಯೇ ಒಂದೊಂದಾಗಿ ಎಲ್ಲವೂ ಸೋರತೊಡಗುತ್ತವೆ ಎಂದು. ವರ್ಷಕ್ಕೆ ಹತ್ತು ಸಾವಿರದಂತೆ ಎಡೆಬಿಡದೆ ಓಡಿ, ಕಾಲಕಾಲಕ್ಕೆ ಸರ್ವಿಸ್ ಕಂಡ ಕಾರನ್ನೇ ನಾನು ಆರಿಸುವೆ. ಅದರ ಓಡೋಮೀಟರಿನ ಅಂಕಿ ದೊಡ್ಡದಾಗಿರುತ್ತದೆ, ಬೆಲೆ ಸ್ವಲ್ಪ ಕಡಿಮೆಯೇ ಇರುತ್ತದೆ.

ಟೈರುಗಳಲ್ಲಿ ಈ ಮಾತನ್ನು ಕಣ್ಣಾರೆ ನೋಡಬಹುದು. ಟೈರಿನ ಪಕ್ಕೆಯ ಮೇಲೆ ಡಾಟ್ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2314 ಎಂದಿದ್ದರೆ 2014ರ 23ನೇ ವಾರ. ಮೂರೇ ಅಂಕಿಗಳಿದ್ದರೆ ಅದು 2000ಕ್ಕೂ ಹಿಂದಿನದು, ಅದರ ಮೇಲೆ ಟೆಸ್ಟ್ ಡ್ರೈವ್ ಕೂಡ ಬೇಡ. ಹಲ್ಲುಗಳು ಆಳವಾಗಿ ಹೊಸದರಂತೆ ಕಂಡರೂ ಹತ್ತು ವರ್ಷ ದಾಟಿದ ಟೈರು ತೆಗೆಯಬೇಕಾದದ್ದೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತ ಹೋಗುತ್ತದೆ: ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ನೀರಿನ ಅಂಶ ಶೇ. 3.7ಕ್ಕೆ ಏರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಅದು ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ.

ಇವೆಲ್ಲಕ್ಕಿಂತ ದುಬಾರಿ ಮರೆವು ಟೈಮಿಂಗ್ ಬೆಲ್ಟಿನದು. ಹಲ್ಲುಗಳಿರುವ ಈ ರಬ್ಬರ್ ಬೆಲ್ಟು ಪಿಸ್ಟನ್ನುಗಳ ಏರಿಳಿತಕ್ಕೂ ವಾಲ್ವುಗಳ ತೆರೆದು ಮುಚ್ಚುವಿಕೆಗೂ ತಾಳ ಹೊಂದಿಸುತ್ತದೆ. ಬಹಳಷ್ಟು ಎಂಜಿನ್ನುಗಳಲ್ಲಿ, ಪೋರ್ಶೆ 944 ಅದರ ಪ್ರಸಿದ್ಧ ಉದಾಹರಣೆ, ಪಿಸ್ಟನ್ನೂ ತೆರೆದ ವಾಲ್ವೂ ಒಂದೇ ಜಾಗವನ್ನು ಸರದಿಯಂತೆ ಬಳಸುತ್ತವೆ. ಬೆಲ್ಟು ತುಂಡಾದ ಕ್ಷಣ ಸರದಿ ತಪ್ಪಿ ಒಂದಕ್ಕೊಂದು ಢಿಕ್ಕಿ ಹೊಡೆದು ವಾಲ್ವುಗಳು ಬಾಗುತ್ತವೆ. ಬೆಲ್ಟನ್ನು ಇಷ್ಟು ಕಿಲೋಮೀಟರಿಗೆ 'ಅಥವಾ' ಇಷ್ಟು ವರ್ಷಕ್ಕೆ, ಯಾವುದು ಮೊದಲೋ ಆಗ, ಬದಲಿಸಬೇಕೆಂದು ಕೈಪಿಡಿ ಹೇಳುತ್ತದೆ, ಕಾರು ಮಾರುವವರು ಮೊದಲರ್ಧವನ್ನು ಮಾತ್ರ ಓದಿ ಹೇಳುತ್ತಾರೆ. ಬದಲಿಸಿದ್ದಕ್ಕೆ ದಿನಾಂಕವಿರುವ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು.

ಪ್ರತಿಯೊಂದು ಮಾದರಿಗೂ ಅದರದೇ ಆದ ಒಂದು ಹುಟ್ಟುದೋಷವಿರುತ್ತದೆ. ಕಾರನ್ನು ನೋಡಲು ಹೋಗುವ ಮೊದಲೇ ಅದನ್ನು ತಿಳಿದಿರಬೇಕು. 1990ರ ದಶಕದ ಕೊನೆಯಲ್ಲಿ ನೀರಿನಿಂದ ತಂಪಾಗುವ ಎಂಜಿನ್ನಿನೊಂದಿಗೆ ಬಂದ 996 ಪೀಳಿಗೆಯ 911 ಇಂದು ಅದೇ ಹೆಸರಿನ ಉಳಿದ ಕಾರುಗಳಿಗಿಂತ ಅಗ್ಗವಾಗಿರುವುದಕ್ಕೆ ಒಂದು ಸಣ್ಣ ಬೇರಿಂಗೂ ಕಾರಣ. ಎಂಜಿನ್ನಿನ ಮಧ್ಯದ ಒಂದು ದಂಡವನ್ನು ಹೊತ್ತ ಆ ಬೇರಿಂಗಿನ ಸೀಲು ಹಾಳಾಗಿ, ಒಳಗಿನ ಗ್ರೀಸು ತೊಳೆದುಹೋದರೆ ಬೇರಿಂಗು ಚೂರಾಗಿ ಎಂಜಿನ್ನನ್ನೇ ನುಂಗುತ್ತದೆ. ಎಲ್ಲ ಕಾರುಗಳಿಗೂ ಹೀಗಾಗುವುದಿಲ್ಲ, ಆದದ್ದಕ್ಕೆ ಮಾತ್ರ ಮದ್ದಿಲ್ಲ. ಕ್ಲಚ್ ಬದಲಿಸಲು ಗೇರ್ ಪೆಟ್ಟಿಗೆ ಇಳಿಸಿದಾಗ ಹೆಚ್ಚಿನ ವರ್ಷಗಳ ಮಾದರಿಗಳಲ್ಲಿ ಈ ಬೇರಿಂಗನ್ನೂ ಬದಲಿಸಬಹುದು, ಹಾಗೆ ಬದಲಿಸಿದ ದಾಖಲೆಯಿರುವ ಕಾರಿಗೆ ಸ್ವಲ್ಪ ಹೆಚ್ಚು ಕೊಡುವುದು ಲಾಭವೇ. 2009ರ ಮಾದರಿಗಳಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ದಂಡವೇ ಇಲ್ಲ. ಹಳೆಯ ಪೀಳಿಗೆಯಲ್ಲೂ ಟರ್ಬೋ ಮತ್ತು ಜಿಟಿ3 ಮಾದರಿಗಳದು ಬೇರೆ ವಂಶದ ಎಂಜಿನ್ನು, ಅವುಗಳಿಗೆ ಈ ಕಾಯಿಲೆಯಿಲ್ಲ.

ಮಾಜ್ದಾ ಆರ್‌ಎಕ್ಸ್-8ರಲ್ಲಿ ಪಿಸ್ಟನ್ನೇ ಇಲ್ಲ. ತ್ರಿಕೋನದಂಥ ಎರಡು ರೋಟರುಗಳು ಅಂಡಾಕಾರದ ಕೋಣೆಯೊಳಗೆ ಸುತ್ತುತ್ತವೆ, ಅವುಗಳ ಮೂಲೆಗಳಲ್ಲಿ ಕೂತ ಲೋಹದ ಪಟ್ಟಿಗಳು ಗೋಡೆಗೆ ಉಜ್ಜುತ್ತ ಅನಿಲವನ್ನು ತಡೆದಿಡುತ್ತವೆ. ಆ ಪಟ್ಟಿಗಳಿಗೆ ಎಣ್ಣೆ ಬೇಕಾದ್ದರಿಂದ ಎಂಜಿನ್ನು ಸ್ವಲ್ಪ ಸ್ವಲ್ಪ ಆಯಿಲ್ಲನ್ನು ಸುಡುವಂತೆಯೇ ಅದನ್ನು ರಚಿಸಲಾಗಿದೆ. ಒಂದೆರಡು ಬಾರಿ ಪೆಟ್ರೋಲು ತುಂಬಿಸಿದಾಗಲೊಮ್ಮೆ ಆಯಿಲ್ ಕಡ್ಡಿ ಎತ್ತಿ ನೋಡದಿದ್ದರೆ ಹಾಳಾಗುವುದು ಖಚಿತ. ಬೆಚ್ಚಗಾಗುವ ಮೊದಲೇ ಆರಿಸಿದರೆ ಒಳಗೆ ಪೆಟ್ರೋಲು ತುಂಬಿಕೊಂಡು ಮತ್ತೆ ಚಾಲೂ ಆಗದೆ ಹಟಹಿಡಿಯುವುದೂ ಉಂಟು. ಕಾರನ್ನು ಅಂಗಳದ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿ ಆರಿಸುವುದು, ಮಕ್ಕಳನ್ನು ಪಕ್ಕದ ಬೀದಿಗೆ ಬಿಟ್ಟು ಬರುವುದು, ಇಂಥ ಸಂಸಾರದ ಸಣ್ಣ ಓಡಾಟಗಳೇ ಇದಕ್ಕೆ ಶತ್ರು. ಹಿಂದಿನ ಸೀಟಿನಲ್ಲಿ ಪೂರ್ಣಾಂಕ ಪಡೆದ ಕಾರು ಎಂಜಿನ್ನಿನಲ್ಲಿ ಸಂಸಾರಕ್ಕೆ ಒಗ್ಗದಿರುವುದು ವಿಪರ್ಯಾಸ. ಕೊಳ್ಳಲೇಬೇಕೆಂದರೆ ರೋಟರಿ ಎಂಜಿನ್ನಿಗೆಂದೇ ಇರುವ ಉಪಕರಣದಿಂದ ಕಂಪ್ರೆಶನ್ ಅಳೆಸಬೇಕು. ಬಿಸಿ ಎಂಜಿನ್ನು ಎರಡನೇ ಬಾರಿ ಸ್ಟಾರ್ಟ್ ಆಗಲು ತಿಣುಕಿದರೆ ಅಲ್ಲಿಂದಲೇ ಹಿಂತಿರುಗಬಹುದು.

ಬಿಎಂಡಬ್ಲ್ಯು ಎಂ3ರ 2000ದಿಂದ 2006ರವರೆಗಿನ ಇ46 ಪೀಳಿಗೆಯಲ್ಲಿ ಹಿಂದಿನ ಸಸ್ಪೆನ್ಶನ್ನಿನ ಚೌಕಟ್ಟು ಬಾಡಿಗೆ ಸೇರುವ ಕಡೆ ತಗಡು ಬಿರುಕು ಬಿಡುತ್ತದೆ, ಕಾರನ್ನು ಎತ್ತಿ ಕೆಳಗಿನಿಂದ ನೋಡದೆ ಅದು ಕಾಣದು. ಅದರ ಎಂಜಿನ್ನಿನಲ್ಲೂ, ಮುಂದಿನ ಪೀಳಿಗೆಯ ನಾಲ್ಕು ಲೀಟರಿನ ವಿ8 ಎಂಜಿನ್ನಿನಲ್ಲೂ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ನಿರೀಕ್ಷೆಗೆ ಮೊದಲೇ ಸವೆದ ಪ್ರಸಂಗಗಳಿವೆ. ಇವುಗಳಿಗೆ ಹಾಕಬೇಕಾದದ್ದು 10ಡಬ್ಲ್ಯು-60 ದರ್ಜೆಯ ದಪ್ಪ ಆಯಿಲ್. ಬಿಲ್ಲುಗಳಲ್ಲಿ ಬೇರೆ ದರ್ಜೆಯ ಹೆಸರು ಕಂಡರೆ ಹಿಂದಿನ ಮಾಲೀಕನ ಕಾಳಜಿ ಎಷ್ಟೆಂದು ಅಲ್ಲಿಯೇ ಗೊತ್ತಾಗುತ್ತದೆ. 1990ರ ದಶಕದ ಮೊದಲರ್ಧದ ಮರ್ಸಿಡಿಸ್ ಕಾರುಗಳಲ್ಲಿ ಎಂಜಿನ್ನಿನ ವೈರುಗಳ ಮೇಲ್ಹೊದಿಕೆ ಬಿಸಿಗೆ ಪುಡಿಯಾಗುತ್ತದೆ.

ಹೀಗಾಗಿ ದಾಖಲೆಗಳ ಕಡತ ಕಾರಿನಷ್ಟೇ ಮುಖ್ಯ. ಸರ್ವಿಸ್ ಪುಸ್ತಕದಲ್ಲಿ ಬರೀ ಮೊಹರುಗಳಿದ್ದರೆ ಸಾಲದು, ಯಾವ ಭಾಗ, ಯಾವ ದಿನ, ಓಡೋಮೀಟರ್ ಎಷ್ಟಿದ್ದಾಗ ಎಂಬುದನ್ನು ಹೇಳುವ ಬಿಲ್ಲುಗಳು ಬೇಕು. ಅವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದರೆ ಓಡೋಮೀಟರ್ ತಿರುಗಿಸಿದ್ದಾದರೂ ಬಯಲಾಗುತ್ತದೆ, ಕಾರು ಮೂರು ವರ್ಷ ಎಲ್ಲಿಯೋ ಮಾಯವಾಗಿದ್ದದ್ದಾದರೂ ಗೊತ್ತಾಗುತ್ತದೆ. ಆ ಮಾದರಿಯನ್ನೇ ಬಿಚ್ಚಿ ಕಟ್ಟಿ ಅನುಭವವಿರುವ, ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿನಿಂದ ಕಾರನ್ನು ಎತ್ತಿಸಿ ನೋಡಿಸುವ ಖರ್ಚನ್ನು ಉಳಿಸಬಾರದು. ಕಂಪ್ರೆಶನ್ ಪರೀಕ್ಷೆ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಹೇಳುತ್ತದೆ. ಸಿಲಿಂಡರಿಗೆ ಹೊರಗಿನಿಂದ ಗಾಳಿ ತುಂಬಿ ಅದು ಎಲ್ಲಿಂದ ಸೋರುತ್ತದೆ ಎಂದು ಆಲಿಸುವ ಲೀಕ್‌ಡೌನ್ ಪರೀಕ್ಷೆ ದೋಷ ವಾಲ್ವಿನದೋ, ಪಿಸ್ಟನ್ ರಿಂಗಿನದೋ, ಗ್ಯಾಸ್ಕೆಟ್ಟಿನದೋ ಎಂದು ಬಿಡಿಸಿ ಹೇಳುತ್ತದೆ. ಪೇಂಟಿನ ದಪ್ಪ ಅಳೆಯುವ ಸಣ್ಣ ಉಪಕರಣ ಯಾವ ಬಾಗಿಲಿಗೆ ಎರಡನೇ ಬಾರಿ ಬಣ್ಣ ಬಿದ್ದಿದೆ ಎಂಬುದನ್ನು ತೋರಿಸುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಕಡ್ಡಾಯವಾದ, ಕಾರಿನ ಕಂಪ್ಯೂಟರ್ ಗುರುತಿಸಿದ ದೋಷಗಳನ್ನು ಓದಲು ಇರುವ ಓಬಿಡಿ ಕಿಂಡಿಗೆ ಸ್ಕ್ಯಾನರ್ ಹಾಕಿದಾಗ ದೋಷದ ಸಂಕೇತ ಯಾವುದೂ ಇಲ್ಲದಿರುವುದು ತನ್ನಷ್ಟಕ್ಕೆ ಒಳ್ಳೆಯ ಸುದ್ದಿಯಲ್ಲ. ಸ್ವಪರೀಕ್ಷೆಗಳು 'ಇನ್ನೂ ಪೂರ್ಣಗೊಂಡಿಲ್ಲ' ಎಂದು ಅದೇ ಸ್ಕ್ಯಾನರ್ ತೋರಿಸಿದರೆ, ಯಾರೋ ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ದಾರೆ ಅಥವಾ ಸಂಕೇತಗಳನ್ನು ಅಳಿಸಿದ್ದಾರೆ ಎಂದರ್ಥ. ಹೋದೊಡನೆ ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟಿನಲ್ಲಿ ಕಾಣಬೇಕಾದ ನೀಲಿ ಹೊಗೆ, ಕೇಳಬೇಕಾದ ಕಟಕಟ ಸದ್ದು ನಿಮಗೆ ಸಿಗಬಾರದೆಂದೇ ಅದನ್ನು ಬೆಚ್ಚಗೆ ಮಾಡಿಟ್ಟಿರಬಹುದು, ಇನ್ನೊಂದು ದಿನ ಬರುವುದೇ ಮೇಲು.

ಮಾರ್ಪಾಡು ಮಾಡಿದ ಕಾರುಗಳ ಬಗ್ಗೆ ನನ್ನ ಮಾತು ಚಿಕ್ಕದು: ಬೇಡ. ಟರ್ಬೋ ಒತ್ತಡ ಏರಿಸಿದ ಇಂಪ್ರೆಝಾ ಅಥವಾ ಇವಲ್ಯೂಶನ್ನಿನಲ್ಲಿ ಹಿಂದಿನ ಮಾಲೀಕ ಸುಖಪಟ್ಟಾಗಿದೆ, ಉಳಿದದ್ದು ದಣಿದ ಪಿಸ್ಟನ್ನುಗಳು. ತಗ್ಗಿಸಿದ ಗಟ್ಟಿ ಸಸ್ಪೆನ್ಶನ್ನಿನ ಪ್ರತಿಯೊಂದು ಕುಲುಕೂ ಮೊದಲು ತಲುಪುವುದು ಹಿಂದಿನ ಸೀಟಿಗೆ. ಘೋಷಿಸದ ಮಾರ್ಪಾಡಿನ ನೆಪದಲ್ಲಿ ವಿಮಾ ಕಂಪನಿ ಪರಿಹಾರ ನಿರಾಕರಿಸುವ ಸಾಧ್ಯತೆಯೂ ಇದೆ.

ಖರ್ಚಿನ ಬಗ್ಗೆ ಎರಡು ಮಾತು. ಕೊಳ್ಳಲು ಇಟ್ಟ ಹಣವನ್ನೆಲ್ಲ ಕಾರಿಗೇ ಸುರಿಯದೆ ಅದರ ಕಾಲುಭಾಗವನ್ನಾದರೂ ಮೊದಲ ವರ್ಷಕ್ಕೆಂದು ತೆಗೆದಿಡುವುದು ಒಳ್ಳೆಯದು. ಟೈರು, ದ್ರವಗಳು, ಬೆಲ್ಟು, ಬ್ಯಾಟರಿ, ಕೊಳವೆಗಳು ಇವಿಷ್ಟೇ ಅದರಲ್ಲಿ ಬಹುಪಾಲನ್ನು ತಿನ್ನುತ್ತವೆ. ಹಿಂದೆ ಮುಂದೆ ಬೇರೆ ಬೇರೆ ಅಗಲದ ಟೈರುಗಳಿರುವ ಕಾರಿನಲ್ಲಿ ಅವನ್ನು ಹಿಂದುಮುಂದು ಮಾಡಿ ಆಯುಸ್ಸು ಹೆಚ್ಚಿಸುವ ಉಪಾಯವೂ ನಡೆಯದು. ಹಣಕ್ಕಿಂತ ಕಷ್ಟದ್ದು ಸಮಯ: ಅಪರೂಪದ ಭಾಗವೊಂದು ಬರುವವರೆಗೆ ಕಾರು ಮೂರು ವಾರ ಗ್ಯಾರೇಜಿನಲ್ಲಿ ನಿಂತರೆ ಶಾಲೆ, ಆಸ್ಪತ್ರೆ, ಸಾಮಾನು ಇವು ಯಾವುದೂ ಕಾಯುವುದಿಲ್ಲ. ಮನೆಯಲ್ಲಿ ಇನ್ನೊಂದು ಸಾಧಾರಣ ವಾಹನ ಇರುವವರಿಗೆ, ಅಥವಾ ಅದಿಲ್ಲದೆಯೂ ಓಡಾಡುವ ಅನುಕೂಲವಿರುವವರಿಗೆ ಮಾತ್ರ ಹಳೆಯ ಸ್ಪೋರ್ಟ್ಸ್ ಕಾರು ಹಿಡಿಸುತ್ತದೆ. ಒಂದೇ ಕಾರು ಸಾಕೆನ್ನುವವರು ಮೂರನೆಯ ಕುಲದ, ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ, ಸಾಧಾರಣ ಸೆಡಾನಿನ ಜೊತೆ ಆದಷ್ಟು ಭಾಗಗಳನ್ನು ಹಂಚಿಕೊಂಡಿರುವ ಮಾದರಿಯನ್ನು ಹುಡುಕಬೇಕು; ಅಂಥದರ ಬಾಗಿಲಿನ ಹಿಡಿ ಮುರಿದರೆ ಎಲ್ಲೆಡೆ ಸಿಗುತ್ತದೆ.

ಕೊನೆಗೆ ಟೆಸ್ಟ್ ಡ್ರೈವ್. ಇದಕ್ಕೆ ಒಬ್ಬರೇ ಹೋಗುವುದು ವಾಡಿಕೆ, ಹೋದವರು ಐದೇ ನಿಮಿಷದಲ್ಲಿ ಸ್ಟಿಯರಿಂಗಿಗೆ ಸೋತು ಬರುವುದೂ ವಾಡಿಕೆ. ಮನೆಮಂದಿಯೆಲ್ಲ ಹೋಗಿ, ಮಕ್ಕಳ ಸೀಟು ಬಿಗಿದು, ವಾರದ ಸಾಮಾನು ಹಿಡಿಸುವ ಚೀಲಗಳನ್ನೋ ಮಡಚುವ ತಳ್ಳುಗಾಡಿಯನ್ನೋ ಡಿಕ್ಕಿಯಲ್ಲಿಟ್ಟು ಮುಚ್ಚಳ ಹಾಕಿ ನೋಡಬೇಕು. ಆಮೇಲೆ ಓಡಿಸಬೇಕೆಂದು ಆಸೆಪಟ್ಟವರು ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ತಾವು ಇಪ್ಪತ್ತು ನಿಮಿಷ ಹಿಂದೆ ಕೂರಬೇಕು. ಗಾಲಿಯ ಬೇರಿಂಗಿನ ಗುಂಯ್‌ಗುಡುವಿಕೆ, ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲಿನ ಊಳು, ಒಳನುಗ್ಗುವ ಎಕ್ಸಾಸ್ಟಿನ ವಾಸನೆ, ಒಡೆದ ಶಾಕ್ ಅಬ್ಸಾರ್ಬರಿನ ಧಡ್ ಎಂಬ ಸದ್ದು ಇವೆಲ್ಲ ಮುಂದಿನ ಸೀಟಿಗಿಂತ ಅಲ್ಲಿಯೇ ಸ್ಪಷ್ಟ. ಇಪ್ಪತ್ತನೇ ನಿಮಿಷಕ್ಕೂ ಕಾಲು ಜೋಮು ಹಿಡಿಯದೆ, ಹೊಟ್ಟೆ ತೊಳಸದೆ ಇಳಿಯಲು ಸಾಧ್ಯವಾದರೆ ಬೆಲೆಯ ಮಾತು ಆರಂಭಿಸಬಹುದು.